ಕುಡ ಎಂದವಳಿಗೆ ಸೊನ್ನೆ

ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಊರು ಕಾಸರಗೋಡಿನ ಕಡೆ. ಗಂಡನಿಗೆ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ವಿಜ್ಞಾನಿಯ ಕೆಲಸ ಸಿಕ್ಕಿದಾಗ ನಾನೂ ಜೊತೆಗೆ ಬಂದು, ನಗರದ ಒಂದು ಖಾಸಗಿ ಥೆರಪಿ ಕೇಂದ್ರ ಸೇರಿಕೊಂಡೆ. ಮಲಯಾಳಂ ಊರಿನಿಂದಲೇ ಬರುತ್ತಿದ್ದುದರಿಂದ ಕಷ್ಟವಾಗಲಿಲ್ಲ. ಇಲ್ಲಿ ಕನ್ನಡದಲ್ಲಿ ಕೆಲಸ ಮಾಡುವ ಪ್ರಸಂಗ ಬರುತ್ತದೆಂದು ಎಣಿಸಿಯೂ ಇರಲಿಲ್ಲ. ಆದರೆ ವರ್ಗವಾಗಿ ಬಂದವರು, ಐಟಿ ಪಾರ್ಕಿನಲ್ಲಿ ದುಡಿಯುವವರು, ಹೀಗೆ ಕನ್ನಡದ ಸಂಸಾರಗಳು ಒಂದೊಂದಾಗಿ ಬರತೊಡಗಿದವು. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು. ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಬರುವುದಿಲ್ಲ. ಇದು ತೊಂದರೆಯೋ, ಅಲ್ಲವೋ?

ಅದನ್ನು ಹೇಳುವುದಕ್ಕೆ ನಮ್ಮಲ್ಲಿ ಸರಿಯಾದ ಅಳತೆ ಇರಲಿಲ್ಲ. ಮಲಯಾಳಂ ಪರೀಕ್ಷೆ ಇತ್ತು, ಇಂಗ್ಲಿಷಿನದು ಇತ್ತು. ಕರ್ನಾಟಕದಿಂದ ತರಿಸಿಕೊಂಡ ಕನ್ನಡದ ಪರೀಕ್ಷೆ, ಬೆಳಗಿನಿಂದ ಸಂಜೆಯವರೆಗೆ ಕನ್ನಡವನ್ನೇ ಕೇಳಿ ಬೆಳೆದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅದರಲ್ಲಿ ಇಲ್ಲಿಯ ಮಕ್ಕಳೆಲ್ಲ ಹಿಂದುಳಿದವರಂತೆ ಕಾಣುತ್ತಿದ್ದರು. ಕೊನೆಗೆ ನಮ್ಮ ಕೇಂದ್ರದ ಮುಖ್ಯಸ್ಥರು, ಅವರು ಮಲಯಾಳಿ ಡಾಕ್ಟರು, ನಾವೇ ಒಂದು ಹೊಸ ಪರೀಕ್ಷೆ ಮಾಡೋಣ ಎಂದರು. ಚಿತ್ರ ತೋರಿಸಿ ಹೆಸರು ಕೇಳುವ ಸರಳ ಪರೀಕ್ಷೆ. ಮೂರರಿಂದ ಐದು ವರ್ಷದ ಮಕ್ಕಳಿಗೆ. ತಿರುವನಂತಪುರದಲ್ಲಿ ನಾನು, ಎರ್ನಾಕುಲಂ ಶಾಖೆಯಲ್ಲಿ ಹುಬ್ಬಳ್ಳಿಯ ಒಬ್ಬಳು ಸಹೋದ್ಯೋಗಿ, ಇಬ್ಬರೂ ಸೇರಿ ಮಾಡಬೇಕು. ನಾನು ಕುಣಿದುಕೊಂಡು ಒಪ್ಪಿದೆ. ಆಮೇಲಿನ ಎರಡು ವರ್ಷ ಆ ಒಪ್ಪಿಗೆಯನ್ನು ಎಷ್ಟು ಸಲ ಶಪಿಸಿಕೊಂಡಿದ್ದೇನೋ.

ಪರೀಕ್ಷೆ ಮಾಡುವುದು ಸುಲಭ. ಪರೀಕ್ಷೆಯನ್ನೇ ಪರೀಕ್ಷಿಸುವುದು ಪ್ರಾಣ ಹಿಂಡುವ ಕೆಲಸ. ಅದರಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎರಡು. ಒಂದು ವಿಶ್ವಾಸಾರ್ಹತೆ: ಇವತ್ತು ಕೇಳಿದರೂ ಎರಡು ವಾರ ಬಿಟ್ಟು ಕೇಳಿದರೂ, ನಾನು ಅಂಕ ಹಾಕಿದರೂ ಬೇರೆಯವರು ಹಾಕಿದರೂ, ಒಂದೇ ಮಗುವಿಗೆ ಹೆಚ್ಚುಕಡಿಮೆ ಒಂದೇ ಅಂಕ ಬರಬೇಕು. ಇನ್ನೊಂದು ಸಿಂಧುತ್ವ: ನಾವು ಅಳೆಯುತ್ತೇವೆಂದು ಹೇಳಿಕೊಳ್ಳುವುದನ್ನೇ ಅದು ಅಳೆಯುತ್ತಿರಬೇಕು. ಮಗುವಿನ ಮಾತನ್ನು ಅಳೆಯುತ್ತೇನೆಂದು ಹೊರಟು ಅದರ ನಾಚಿಕೆಯನ್ನೋ, ಮನೆಯವರು ಯಾವ ಜಿಲ್ಲೆಯವರು ಎಂಬುದನ್ನೋ ಅಳೆದು ಬಂದರೆ ಪ್ರಯೋಜನವಿಲ್ಲ.

ನಮ್ಮ ಪರೀಕ್ಷೆ ಮೊದಲು ಅಳೆದದ್ದು ಜಿಲ್ಲೆಯನ್ನೇ. ಕಸ ಗುಡಿಸುವ ಸಾಮಾನಿನ ಚಿತ್ರ ತೋರಿಸಿದರೆ ಮೈಸೂರಿನವರ ಮಗು ಪೊರಕೆ ಎನ್ನುತ್ತಿತ್ತು, ಹುಬ್ಬಳ್ಳಿಯವರದು ಕಸಬರಿಗಿ, ನಮ್ಮ ಕಡೆಯದು ಹಿಡಿಸೂಡಿ. ಅಷ್ಟನ್ನೂ ಸರಿ ಎಂದು ಬರೆದುಕೊಂಡೆವು. ಆಗ ಒಬ್ಬ ಹುಡುಗ ಚೂಲ್ ಎಂದ. ಅದು ಮಲಯಾಳಂ, ಸೊನ್ನೆ, ಇದರಲ್ಲಿ ನಮ್ಮಿಬ್ಬರಿಗೂ ತಕರಾರಿರಲಿಲ್ಲ. ಜಗಳ ಹತ್ತಿದ್ದು ಛತ್ರಿಯ ಚಿತ್ರಕ್ಕೆ. ಮಲಯಾಳದಲ್ಲಿ ಅದು ಕುಡ. ನಮ್ಮ ಕಡೆಯ ಕನ್ನಡದಲ್ಲಿ ಕೊಡೆ. ಚಿಕ್ಕ ಮಗುವಿನ ಬಾಯಲ್ಲಿ ಕೊಡೆ ಮತ್ತು ಕುಡ ಎಷ್ಟು ದೂರ? ಮಕ್ಕಳ ಉತ್ತರಗಳ ರೆಕಾರ್ಡಿಂಗ್ ಕೇಳಿ ನಾನು ಸರಿ ಎಂದು ಹಾಕಿದ್ದಕ್ಕೆ ಹುಬ್ಬಳ್ಳಿಯ ಸಹೋದ್ಯೋಗಿ ಸೊನ್ನೆ ಹಾಕಿರುತ್ತಿದ್ದಳು.

“ಕುಡ ಅಂದ್ರ ಮಲಯಾಳಂ ಐತ್ರಿ,” ಎಂದಳು ಫೋನಿನಲ್ಲಿ. “ನಮ್ಮ ಕಡೆ ಕೊಡೆ ಅಂತ ಯಾರೂ ಅನ್ನಂಗಿಲ್ಲ. ಛತ್ರಿ ಅಂತಾರ. ನಿಮಗ ಅದು ಕೊಡೆ ಅಂತ ಕೇಳಿಸ್ತೈತಿ, ಯಾಕಂದ್ರ ನೀವು ಅಲ್ಲಿಯವರು.”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದೇ ಸಿಟ್ಟು ತರಿಸಿದ್ದು. ಆನೆಯೂ ಹಾಗೆಯೇ. ಆನಿ ಎಂದರೆ ಅವಳು ಅಂಕ ಕೊಡುತ್ತಿದ್ದಳು, ಅದು ಅವಳ ಊರಿನ ಮಾತು. ಆನ ಎಂದರೆ ಇಲ್ಲ, ಅದು ಮಲಯಾಳಂ. ನಾವಿಬ್ಬರೂ ಬೇರೆ ಬೇರೆಯಾಗಿ ಕೂತು ಹಾಕಿದ ಅಂಕಗಳನ್ನು ಹೋಲಿಸಿ ನೋಡಿದರೆ ಒಂದೇ ಮಗುವನ್ನು ಕೇಳಿಸಿಕೊಂಡವರು ಎಂದು ಯಾರೂ ನಂಬುವಂತಿರಲಿಲ್ಲ. ನಿಯಮ ಬರೆದೆವು, ಹೊಡೆದೆವು, ಮತ್ತೆ ಬರೆದೆವು. ಮನೆಗೆ ಹೋಗಿ ನನ್ನ ಮಗಳಿಗೆ ಅದೇ ಚಿತ್ರಗಳನ್ನು ತೋರಿಸಿದರೆ ಅವಳು ಒಂದೊಂದಕ್ಕೂ ಇಂಗ್ಲಿಷಿನ ಹೆಸರು ಹೇಳಿ, ಸಾಕಾ ಎಂದು ಎದ್ದು ಹೋದಳು.

ಇಂಥ ಹೊತ್ತಿನಲ್ಲಿ ಎರ್ನಾಕುಲಂನಲ್ಲಿ ಒಂದು ಮೈಸೂರಿನ ಸಂಸಾರ ನಮಗೆ ಸಿಕ್ಕಿತು. ತಂದೆಗೆ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕಿಗೆ ಸಂಬಂಧಪಟ್ಟ ಕಚೇರಿ ಕೆಲಸ, ತಾಯಿಗೆ ಐಟಿ ಪಾರ್ಕಿನಲ್ಲಿ. ಕಲೂರಿನಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದರು. ನಾಲ್ಕು ವರ್ಷದ ಒಬ್ಬಳೇ ಮಗಳು. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಕೆಳಗಿನ ಮನೆಯ ಒಡತಿ, ವಯಸ್ಸಾದ ಮಲಯಾಳಿ ಹೆಂಗಸು. ಮಗು ಅವರನ್ನು ಅಮ್ಮೂಮ್ಮ ಎಂದು ಕರೆಯುತ್ತಿತ್ತು, ಸ್ವಂತ ಅಜ್ಜಿಯನ್ನು ಕರೆದಂತೆ. ಮಗುವಿಗೆ ತೊಂದರೆ ಇದೆಯೆಂದು ಇವರು ಬಂದದ್ದಲ್ಲ. ಪರೀಕ್ಷೆಯನ್ನು ಒರೆಗೆ ಹಚ್ಚಲು ತೊಂದರೆಯಿಲ್ಲದ ಮಕ್ಕಳೂ ಬೇಕು. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಾವು ಕೇಳಿಕೊಂಡಿದ್ದನ್ನು ನೋಡಿ ತಾಯಿ ತಾನಾಗಿ ಕರೆತಂದಿದ್ದಳು.

ಆ ದಿನ ನಾನು ಎರ್ನಾಕುಲಂನಲ್ಲೇ ಇದ್ದೆ. ಹುಡುಗಿ ಚುರುಕು. ಕನ್ನಡದಲ್ಲಿ ಏನು ಕೇಳಿದರೂ ತಡೆಯಿಲ್ಲದೆ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ಹೇಳುತ್ತಿದ್ದಳು. ಛತ್ರಿಯ ಚಿತ್ರ ಬಂದಾಗ ಕುಡ ಎಂದು ಸುಮ್ಮನಾಗಲಿಲ್ಲ. ಅಮ್ಮೂಮ್ಮನ ಕುಡ ಗಾಳಿಗೆ ಮೇಲೆ ಕೆಳಗಾದದ್ದನ್ನು ಕೈ ತಿರುಗಿಸಿ ತೋರಿಸಿದಳು. ನಾವು ನಗುತ್ತ ಸೊನ್ನೆ ಹಾಕಿದೆವು. ನಿಯಮ ಹಾಗಿತ್ತು. ಆ ಹೊತ್ತಿಗೆ ನಾನೂ ಸೋತು ನಿಯಮಕ್ಕೆ ಒಪ್ಪಿದ್ದೆ. ಒಟ್ಟು ಅಂಕ ತೀರ ಕಡಿಮೆ ಬಂತು. ಇದು ಹುಡುಗಿಯ ಕೊರತೆಯಲ್ಲ, ನಮ್ಮ ಪರೀಕ್ಷೆಯ ಕೊರತೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಎರಡು ವಾರ ಬಿಟ್ಟು ಮತ್ತೆ ಬರಬೇಕೆಂದು ಹೇಳಿ ಕಳಿಸಿದೆವು.

ಆ ನಡುವೆ ಏನಾಯಿತೆಂದು ನನಗೆ ತಿಳಿದದ್ದು ತಡವಾಗಿ, ಅವರು ಮತ್ತೆ ಬಂದ ದಿನ. ಪ್ರಯೋಗದ ಅಂಕವನ್ನು ಹೊರಗೆ ಕೊಡಬಾರದೆಂದು ಒಪ್ಪಿಗೆಯ ಕಾಗದದಲ್ಲೇ ಬರೆದಿದ್ದೆವು. ಆದರೆ ಸುಮ್ಮನೆ ಬಂದು ಹೋಗಿ ಎಂದರೆ ಪಾಲಕರು ಎರಡನೆಯ ಸಲ ಬರುವುದಿಲ್ಲ, ಕೈಗೆ ಏನಾದರೂ ಕೊಡಬೇಕು ಎಂದು ಮುಖ್ಯಸ್ಥರಿಗೆ ಅನ್ನಿಸಿತ್ತು. ನಮ್ಮನ್ನು ಕೇಳದೆ ಕಚೇರಿಗೆ ಹೇಳಿ, ಬಂದ ಮಕ್ಕಳಿಗೆಲ್ಲ ಕೇಂದ್ರದ ಹೆಸರಿರುವ ಕಾಗದದಲ್ಲಿ ವರದಿ ಮುದ್ರಿಸಿ ಕಳಿಸಿದ್ದರು. ಈ ಹುಡುಗಿಯ ವರದಿಯಲ್ಲಿ ಭಾಷಾ ಬೆಳವಣಿಗೆಯಲ್ಲಿ ವಿಳಂಬ, ಗಮನ ಅಗತ್ಯ ಎಂದಿತ್ತು. ಕೆಳಗೆ ಅವರ ಸಹಿ.

ಎರಡನೆಯ ಸಲ ಹುಡುಗಿ ಬಂದಾಗಲೂ ನಾನು ಎರ್ನಾಕುಲಂಗೆ ಹೋಗಿದ್ದೆ, ಅವಳ ಗುರುತೇ ಹಿಡಿಯಲಿಲ್ಲ ಎನ್ನಬೇಕು. ಕೈ ಕಟ್ಟಿ ಕುರ್ಚಿಯ ಅಂಚಿನಲ್ಲಿ ಕೂತಳು. ಚಿತ್ರ ತೋರಿಸಿದರೆ ಸಾಕು, ಉತ್ತರ ಬಂದು ಬೀಳುತ್ತಿತ್ತು. ಛತ್ರಿ. ಪೊರಕೆ. ಆನೆ. ಬೆಕ್ಕು. ಒಂದೂ ತಪ್ಪಿಲ್ಲ. ಪ್ರತಿ ಉತ್ತರಕ್ಕೂ ತಿರುಗಿ ತಾಯಿಯ ಮುಖ ನೋಡುತ್ತಿದ್ದಳು. ಚಿತ್ರಗಳು ಮುಗಿದ ಮೇಲೆ, ಅಮ್ಮೂಮ್ಮ ಹೇಗಿದ್ದಾರೆ ಎಂದು ನಾನು ಕೇಳಿದೆ. ಉತ್ತರವಿಲ್ಲ. ತಿಂಡಿ ಏನು ತಿಂದೆ ಎಂದು ಕೇಳಿದೆ. ಅದಕ್ಕೂ ಇಲ್ಲ. ಹೋದ ಸಲ ಕೈ ತಿರುಗಿಸಿ ಕಥೆ ಹೇಳಿದ ಹುಡುಗಿ ತುಟಿ ಒತ್ತಿಕೊಂಡು ಮೇಜನ್ನೇ ನೋಡುತ್ತಿದ್ದಳು.

ವರದಿ ಕೈಗೆ ಬಂದದ್ದರಿಂದ ಹಿಡಿದು ತಾಯಿ ಹೆಮ್ಮೆಯಿಂದ ಎಲ್ಲವನ್ನೂ ಹೇಳಿಕೊಂಡಳು. ಹೋದ ಸಲ ಪಕ್ಕದಲ್ಲಿ ಕೂತು ಚಿತ್ರಗಳನ್ನೆಲ್ಲ ನೆನಪಿಟ್ಟುಕೊಂಡಿದ್ದಳು. ಕಂಪ್ಯೂಟರಿನಲ್ಲಿ ಅಂಥವೇ ಚಿತ್ರ ಹುಡುಕಿ ಅಚ್ಚು ಹಾಕಿ, ಆಫೀಸಿಗೆ ರಜೆ ಹಾಕಿ, ದಿನವೂ ಬೆಳಿಗ್ಗೆ ಸಂಜೆ ಹೇಳಿಕೊಟ್ಟಿದ್ದಳು. ಮಗುವನ್ನು ಕೆಳಗೆ ಕಳಿಸುವುದನ್ನು ನಿಲ್ಲಿಸಿದ್ದಳು. ಮನೆಯಲ್ಲಿ ಮಲಯಾಳಂ ಬಂದ್. ಮಲಯಾಳದಲ್ಲಿ ಕೇಳಿದರೆ ನೀರೂ ಇಲ್ಲ ಎಂದು ಹೇಳಿದ್ದಳಂತೆ. ತಮಾಷೆಗೆ ಎಂದಳು, ಆದರೆ ಮಗು ಅದನ್ನು ತಮಾಷೆ ಎಂದು ತಿಳಿದಂತೆ ಕಾಣಲಿಲ್ಲ.

ನಮ್ಮ ಪರೀಕ್ಷೆಯ ಪ್ರಕಾರ ಎರಡು ವಾರದಲ್ಲಿ ಹುಡುಗಿಯ ಭಾಷೆ ಮೇಲಕ್ಕೆ ಹಾರಿತ್ತು. ನನ್ನ ಕಣ್ಣೆದುರು ಕೂತಿದ್ದ ಹುಡುಗಿ ಮಾತು ಬಿಟ್ಟಿದ್ದಳು. ಆಚೆ ಹೋಗಿ ಮುಖ್ಯಸ್ಥರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಖುಷಿಪಟ್ಟರು. ಮಗು ಸುಧಾರಿಸಿದ್ದನ್ನು ಪರೀಕ್ಷೆ ಹಿಡಿದಿದೆ, ಇದು ಪ್ರಬಂಧದಲ್ಲಿ ಸೇರಿಸಲು ಒಳ್ಳೆಯ ಉದಾಹರಣೆ ಎಂದರು. ಇದು ಸುಧಾರಣೆಯಲ್ಲ, ಬಾಯಿಪಾಠ ಎಂದೆ. ಕಲಿಕೆ ಅಂದರೆ ಇನ್ನೇನು ಎಂದು ಕೇಳಿದರು. ವರದಿಯ ವಿಷಯ ಎತ್ತಿದಾಗ, ವಿಳಂಬ ಎಂದರೆ ರೋಗ ಅಲ್ಲವಲ್ಲ, ನೀವು ಯಾಕೆ ಇಷ್ಟು ಹಚ್ಚಿಕೊಳ್ಳುತ್ತೀರಿ ಎಂದರು. ಫೋನ್ ಇಟ್ಟ ಮೇಲೆ ಶಾಖೆಯ ಹಿಂದಿನ ಮೆಟ್ಟಿಲ ಮೇಲೆ ಕೂತೆ. ನನ್ನ ಸಹೋದ್ಯೋಗಿ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಛತ್ರಿಯ ಜಗಳ ಶುರುವಾದ ಮೇಲೆ ನಾವಿಬ್ಬರು ಹಾಗೆ ಕೂತದ್ದು ಅದೇ ಮೊದಲು.

ಆ ಶನಿವಾರ ತಿರುವನಂತಪುರದಿಂದ ರೈಲು ಹತ್ತಿದೆ. ಎರ್ನಾಕುಲಂನಲ್ಲಿ ಇಳಿದು ಮೆಟ್ರೋ ಹಿಡಿದು ಕಲೂರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೆಟ್ಟಿಲ ಬುಡದಲ್ಲಿ ಕೆಳಮನೆಯ ಅಮ್ಮೂಮ್ಮ ನಿಂತಿದ್ದರು. ನಾನು ಮೇಲೆ ಹೊರಟದ್ದನ್ನು ನೋಡಿ, ಮಗುವಿಗೆ ಹುಷಾರಿಲ್ಲವೇ ಎಂದು ಮಲಯಾಳದಲ್ಲಿ ಕೇಳಿದರು. ಕೆಳಗೆ ಬಂದು ಎಷ್ಟೋ ದಿನವಾಯಿತು, ತಾನು ಏನಾದರೂ ತಪ್ಪು ಮಾಡಿದೆನೋ ಎಂದು ಕೇಳುವುದಕ್ಕೂ ಸಂಕೋಚ ಎಂದರು. ಹುಷಾರಾಗಿದ್ದಾಳೆ ಎಂದಷ್ಟೇ ಹೇಳಿ ಮೇಲೆ ಹೋದೆ.

ಗಂಡ ಹೆಂಡತಿ ಇಬ್ಬರೂ ಇದ್ದರು. ಊಟದ ಮೇಜಿನ ಮೇಲೆ ಅಚ್ಚು ಹಾಕಿದ ಚಿತ್ರಗಳು ಹರಡಿದ್ದವು. ನಾನು ಸುತ್ತಿಬಳಸದೆ ಹೇಳಿದೆ. ನಿಮ್ಮ ಮಗಳಿಗೆ ವಿಳಂಬ ಇಲ್ಲ, ಆ ಕಾಗದ ಹೊರಗೆ ಬರಬಾರದಿತ್ತು, ಅದನ್ನು ಹರಿದು ಹಾಕಿ ಎಂದೆ.

ತಾಯಿ ಎದ್ದು ಹೋಗಿ ಕಾಗದ ತಂದು ನನ್ನ ಮುಂದೆ ಇಟ್ಟಳು.

“ಮೇಡಂ, ಡಿಲೇ ಅಂತ ಬರೆದು ಕೊಟ್ಟವರು ನೀವು. ಈಗ ಡಿಲೇ ಇಲ್ಲ ಅಂತಿರೋರೂ ನೀವೇ. ನಾನು ಯಾವುದನ್ನ ನಂಬಲಿ?”

“ಕಾಗದವನ್ನು ನಂಬಬೇಡಿ. ಆ ಪರೀಕ್ಷೆ ಸರಿ ಉಂಟಾ ಇಲ್ವಾ ಅಂತ ನಾವೇ ಇನ್ನೂ ನೋಡ್ತಾ ಇದ್ದದ್ದು. ನಾವು ಪರೀಕ್ಷೆ ಮಾಡಿದ್ದು ಚಿತ್ರಗಳನ್ನು, ನಿಮ್ಮ ಮಗಳನ್ನು ಅಲ್ಲ.”

“ಕೂತಿದ್ದು ಮಾತ್ರ ನನ್ನ ಮಗಳು,” ಎಂದಳು.

ಗಂಡ, ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಬಹುದಿತ್ತಲ್ಲ ಎಂದು ಮೆಲ್ಲನೆ ಕೇಳಿದರು. ಒಪ್ಪಿಗೆಯ ಕಾಗದದಲ್ಲಿ ಬರೆದಿತ್ತು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಅದನ್ನು ಬಾಯಿಬಿಟ್ಟು ಹೇಳುವ ಮುಖ ನನಗಿರಲಿಲ್ಲ. ಒಮ್ಮೆ ಎಲ್ಲರೂ ಕೆಳಗೆ ಹೋಗೋಣ, ಮಗುವನ್ನು ಕರೆದುಕೊಳ್ಳಿ ಎಂದು ಕೇಳಿಕೊಂಡೆ. ತಾಯಿ ಒಲ್ಲದ ಮನಸ್ಸಿನಿಂದ ಎದ್ದಳು.

ಕೆಳಗೆ ಅಮ್ಮೂಮ್ಮ ಬಾಗಿಲು ತೆರೆದು “ಮೋಳೇ” ಎಂದರು, ಮಗಳೇ ಎಂದು. ಹುಡುಗಿ ತಾಯಿಯ ಮುಖ ನೋಡಿದಳು. ಹೆಂಡತಿಯ ಭುಜವನ್ನು ಗಂಡ ಮುಟ್ಟಿದರು. ತಾಯಿ ತಲೆಯಾಡಿಸಿದಳು. ಹುಡುಗಿ ಓಡಿಹೋಗಿ ಆ ಹೆಂಗಸಿನ ಸೀರೆಯಲ್ಲಿ ಮುಖ ಹುದುಗಿಸಿದವಳು ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಮಾತು ಶುರುವಾಯಿತು. ಮೇಲಿನ ಬಾಲ್ಕನಿಗೆ ಪೂಚ್ಚ, ಅಂದರೆ ಬೆಕ್ಕು, ಬಂದದ್ದು, ಅದು ಪಕ್ಕದ ಮನೆಯವರ ಮೀನು ಕದ್ದು ತಂದದ್ದು, ಕಾಗೆ ಬಂದು ಅದರ ತಲೆಗೆ ಕುಕ್ಕಿದ್ದು, ಪೂಚ್ಚ ಮೀನು ಬಿಟ್ಟು ನೀರಿನ ಟ್ಯಾಂಕಿನ ಹಿಂದೆ ಅಡಗಿದ್ದು, ಅಪ್ಪ ಕೋಲು ತಂದು ಯಾರನ್ನು ಓಡಿಸಬೇಕೆಂದು ತಿಳಿಯದೆ ನಿಂತದ್ದು. ಮಲಯಾಳದ ವಾಕ್ಯದ ನಡುವೆ ಕನ್ನಡದ ಮಾತುಗಳು ಬಂದು ಕೂರುತ್ತಿದ್ದವು. ಅಮ್ಮೂಮ್ಮ ಆಮೇಲೆ ಎಂದರೆ ಸಾಕು, ಕಥೆ ಮುಂದೆ ಹೋಗುತ್ತಿತ್ತು. ಕಾರಣ, ಕಾಲ, ಯಾರು ಯಾರಿಗೆ ಏನೆಂದರು, ಎಲ್ಲವೂ ತನ್ನ ಜಾಗದಲ್ಲಿತ್ತು. ಆ ವಯಸ್ಸಿನ ಮಗುವಿನಲ್ಲಿ ಭಾಷೆ ಚೆನ್ನಾಗಿದೆ ಎನ್ನಲು ನಾವು ಹುಡುಕುವುದು ಇದನ್ನೇ.

ತಾಯಿ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದಳು. ಅವಳಿಗೆ ಮಲಯಾಳಂ ಅಂಗಡಿ ಆಟೋಗೆ ಸಾಲುವಷ್ಟು ಮಾತ್ರ. ಏನು ಹೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದಳು. ನಾನು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅಪ್ಪ ಕೋಲು ಹಿಡಿದು ನಿಂತ ಕಡೆ ಗಂಡ ನಕ್ಕರು. ಅವಳು ನಗಲಿಲ್ಲ.

“ನನ್ನ ಹತ್ರ ಹೌದು, ಬೇಡ, ಅಷ್ಟೇ ಮೇಡಂ,” ಎಂದಳು ಕೊನೆಗೆ. “ಡಿಲೇ ಅಂತ ಕಾಗದ ಬಂದಾಗ ನಂಗೆ ಒಂಥರಾ ಸಮಾಧಾನನೇ ಆಯ್ತು. ಅವಳಿಗೆ ಮಾತೇ ಕಡಿಮೆ ಅಂದ್ಕೊಂಡೆ. ನನ್ನ ಹತ್ರ ಮಾತ್ರ ಕಡಿಮೆ ಅಂತ ಗೊತ್ತಿರ್ಲಿಲ್ಲ.”

ಓದಿನಲ್ಲಿ ಕಲಿತದ್ದನ್ನು ಒಂದಿಷ್ಟು ಹೇಳಿದೆ. ಎರಡು ಭಾಷೆ ಒಟ್ಟಿಗೆ ಬಂದರೆ ಯಾವುದೂ ಕೆಡುವುದಿಲ್ಲ, ಮಗುವಿನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿರಿ, ಅದು ಯಾವುದರಲ್ಲಿ ಉತ್ತರ ಕೊಟ್ಟರೂ ಮಾತು ಮುಂದುವರಿಸಿ, ಚಿತ್ರಗಳನ್ನು ಎತ್ತಿಡಿ ಎಂದೆ. ಅವಳು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಸೋಮವಾರದಿಂದ ಮಗುವನ್ನು ಕೆಳಗೆ ಕಳಿಸುತ್ತೇನೆಂದಳು, ಕಳಿಸಿದಳು ಕೂಡ.

ತಿರುವನಂತಪುರಕ್ಕೆ ಮರಳಿ ಮುಖ್ಯಸ್ಥರ ಕೋಣೆಗೆ ಹೋಗಿ ಕೂತೆ. ವರದಿ ಕಳಿಸುವುದನ್ನು ನಿಲ್ಲಿಸಬೇಕು, ಕಳಿಸಿದ್ದನ್ನೆಲ್ಲ ವಾಪಸು ಪಡೆಯಬೇಕು ಎಂದೆ. ನಿಲ್ಲಿಸಲು ಒಪ್ಪಿದರು, ವಾಪಸು ಪಡೆದರೆ ಕೇಂದ್ರದ ಹೆಸರು ಹಾಳಾಗುತ್ತದೆ ಎಂದರು. ಆ ಹುಡುಗಿಯ ಅಂಕಗಳನ್ನು ಲೆಕ್ಕದಿಂದ ತೆಗೆಯಬೇಕು ಎಂದೆ. ಒಬ್ಬಳನ್ನು ತೆಗೆದರೆ ಬಾಯಿಪಾಠ ಮಾಡಿ ಬಂದ ಉಳಿದವರನ್ನು ಹೇಗೆ ಪತ್ತೆ ಮಾಡುತ್ತೀರಿ ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾದರೆ ಎಲ್ಲವನ್ನೂ ಬಿಟ್ಟು ಹೊಸದಾಗಿ ಮಾಡಬೇಕು ಎಂದೆ. ಅವರ ಮುಖ ಕೆಂಪಾಯಿತು. ನಮ್ಮಿಬ್ಬರ ಅಂಕಗಳು ಹೊಂದದಿರುವುದಕ್ಕೂ ಅವರಲ್ಲಿ ಒಂದು ಉಪಾಯವಿತ್ತು: ಇಬ್ಬರೂ ಒಟ್ಟಿಗೆ ಕೂತು, ಮಾತಾಡಿಕೊಂಡು ಅಂಕ ಹಾಕಿ, ತಾನಾಗಿ ಹೊಂದುತ್ತದೆ.

ಇದನ್ನು ಸಹೋದ್ಯೋಗಿಗೆ ಹೇಳಿದಾಗ ಅವಳು ಒಪ್ಪಿಬಿಡುತ್ತಾಳೆಂದು ನನಗೆ ಹೆದರಿಕೆಯಿತ್ತು. ಅವಳಿಗೂ ಈ ಕೆಲಸ ಸಾಕಾಗಿ ಹೋಗಿತ್ತು.

“ಕೂಡಿ ಕುಂತು ಹಾಕಿದ್ರ ಒಂದ ಬರ್ತೈತಿ, ಅದರಾಗ ಏನೈತ್ರಿ,” ಎಂದಳು. “ಅದು ಪರೀಕ್ಷಾ ಚಲೋ ಐತಿ ಅಂತ ಅಲ್ಲ, ನಾವಿಬ್ರು ಗೆಳತ್ಯಾರು ಅಂತ ತೋರಸ್ತೈತಿ.”

ಇಬ್ಬರೂ ಪ್ರಬಂಧಕ್ಕೆ ಸಹಿ ಹಾಕಲು ನಿರಾಕರಿಸಿದೆವು. ಆ ವರ್ಷ ಸಮ್ಮೇಳನದಲ್ಲಿ ಮಂಡಿಸಬೇಕಿದ್ದ ಪ್ರಬಂಧ ಹೋಗಲಿಲ್ಲ. ಮುಖ್ಯಸ್ಥರು ತಿಂಗಳುಗಟ್ಟಲೆ ನಮ್ಮ ಜೊತೆ ಇಮೇಲಿನಲ್ಲಿ ಮಾತ್ರ ಮಾತಾಡಿದರು, ನಾನಿರುವುದು ಅವರ ಕೋಣೆಯಿಂದ ಎರಡು ಬಾಗಿಲು ಆಚೆ. ನಾವು ಅಂಕ ಹಾಕುವ ಕ್ರಮವನ್ನೇ ಬದಲಿಸಿದೆವು. ಮಗುವಿಗೆ ವಸ್ತುವಿನ ಹೆಸರು ಗೊತ್ತೇ ಎಂಬುದಕ್ಕೆ ಒಂದು ಅಂಕ, ಯಾವ ಭಾಷೆಯಲ್ಲಾದರೂ ಸರಿ. ಅದು ಕನ್ನಡವೇ ಎಂಬುದಕ್ಕೆ ಬೇರೆ ಗುರುತು. ಚಿತ್ರದ ಜೊತೆಗೆ ಒಂದು ಸಣ್ಣ ಕಥೆ ಹೇಳಿಸುವುದು. ತಾಯಿತಂದೆ ಹೊರಗೆ ಕೂರುವುದು. ಹೇಳಿದರೆ ಎಷ್ಟು ಸುಲಭ. ಹಳೆಯ ರೆಕಾರ್ಡಿಂಗುಗಳೆಲ್ಲ ಮೂಲೆಗೆ ಹೋದವು, ಹೊಸ ಮಕ್ಕಳನ್ನು ಹುಡುಕಬೇಕಾಯಿತು, ಇಷ್ಟೊಂದು ಕನ್ನಡದ ಮಕ್ಕಳು ಈ ಎರಡು ಊರಲ್ಲಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಕಲೂರಿನ ಆ ತಂದೆ ಫೋನ್ ಮಾಡಿದರು. ಮಗಳನ್ನು ದೊಡ್ಡ ಶಾಲೆಗೆ ಸೇರಿಸುತ್ತಿದ್ದರು. ಅರ್ಜಿಯಲ್ಲಿ ಬೆಳವಣಿಗೆಯ ತೊಂದರೆ ಇದೆಯೇ ಎಂದು ಕೇಳಿದ್ದರಂತೆ. ಇಲ್ಲ ಎಂದು ಬರೆಯಿರಿ ಎಂದೆ. ಆದರೆ ಆ ವರದಿ ಬಂದ ವಾರವೇ ತಾಯಿ ಗಾಬರಿಯಾಗಿ, ಮಗಳ ಹೆಸರು ಮೊದಲೇ ಬರೆಸಿದ್ದ ಆ ಶಾಲೆಯವರಿಗೆ ಅದರ ಪ್ರತಿ ಕಳಿಸಿಬಿಟ್ಟಿದ್ದಳು, ವಿಶೇಷ ಗಮನ ಕೊಡಲಿ ಎಂದು. ಈಗ ಅದು ಅವರ ಕಡತದಲ್ಲಿತ್ತು. ಅದು ತಪ್ಪು ಎಂದು ನಮ್ಮ ಕೇಂದ್ರದಿಂದ ಒಂದು ಪತ್ರ ಸಿಗಬಹುದೇ ಎಂದು ಕೇಳಿದರು.

ಪತ್ರ ಬರೆದುಕೊಂಡು ಹೋದೆ. ಮುಖ್ಯಸ್ಥರು ಓದಿ, ನನ್ನ ವಾಕ್ಯ ಹೊಡೆದು, ತಮ್ಮದೊಂದು ಬರೆದು ಹಿಂದಕ್ಕೆ ತಳ್ಳಿದರು. ಮಗುವಿನಲ್ಲಿ ಮೊದಲು ಕಂಡುಬಂದಿದ್ದ ವಿಳಂಬ ಈಗ ಗಣನೀಯವಾಗಿ ಸುಧಾರಿಸಿದೆ ಎಂದು ಅದರಲ್ಲಿತ್ತು. ಎಲ್ಲರಿಗೂ ಒಳ್ಳೆಯದಾಯಿತಲ್ಲ ಎಂದರು. ಇರದಿದ್ದ ವಿಳಂಬ ಸುಧಾರಿಸಿದ್ದು ಹೇಗೆ ಎಂದು ಕೇಳಿದೆ. ನೀವು ಪದಗಳಿಗೆ ಜೋತುಬೀಳುತ್ತೀರಿ ಎಂದರು. ನಾನು ಮಾಡುವುದು ಪದಗಳ ಕೆಲಸವೇ ಅಲ್ಲವೇ ಎನ್ನಬೇಕೆನಿಸಿತು. ಕಾಗದ ಎತ್ತಿಕೊಂಡು ಹೊರಬಂದೆ.

ಕೊನೆಗೆ ಕೇಂದ್ರದ ಹೆಸರಿಲ್ಲದ ಬಿಳಿ ಹಾಳೆಯಲ್ಲಿ, ನನ್ನ ವೃತ್ತಿಯ ನೋಂದಣಿ ಸಂಖ್ಯೆ ಹಾಕಿ, ನಾನೇ ಬರೆದುಕೊಟ್ಟೆ. ಆ ಪರೀಕ್ಷೆ ಆಗ ಪ್ರಯೋಗದ ಹಂತದಲ್ಲಿತ್ತು, ಅದರ ಅಂಕದಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ, ಮಗುವನ್ನು ನಾನು ಸ್ವತಃ ನೋಡಿದ್ದೇನೆ, ಭಾಷೆಯಲ್ಲಿ ಯಾವ ತೊಂದರೆಯೂ ಇಲ್ಲ. ಸಹೋದ್ಯೋಗಿಯೂ ಕೆಳಗೆ ಸಹಿ ಹಾಕಿದಳು. ತಂದೆ ಅದನ್ನು ಒಯ್ದು ಕೊಟ್ಟರು. ಶಾಲೆಯ ಕಚೇರಿಯವರು ಓದದೆ, ಮೊದಲಿನ ವರದಿಯ ಹಿಂದೆಯೇ ಪಿನ್ ಹೊಡೆದು ಇಟ್ಟರಂತೆ. ತರಗತಿಯಲ್ಲಿ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ, ಟೀಚರು ಅವಳ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರಂತೆ. ಅವಳಿಗೆ ಅದು ಯಾಕೆಂದು ತಿಳಿಯದೆ, ಮನೆಗೆ ಬಂದು ಟೀಚರಿಗೆ ಮಾತು ಸರಿಯಾಗಿ ಬರುವುದಿಲ್ಲ ಎಂದು ಹೇಳಿದಳಂತೆ. ಕನ್ನಡದಲ್ಲಿ ಹೇಳಿದಳು ಎಂದು ತಾಯಿ ನನಗೆ ಫೋನಿನಲ್ಲಿ ತಿಳಿಸಿದಳು. ಧ್ವನಿಯಲ್ಲಿ ಸ್ವಲ್ಪ ನಗುವಿತ್ತು. ಕೂಡಲೇ, ಆದರೂ ಅವಳನ್ನ ಒಮ್ಮೆ ಬೇರೆ ಡಾಕ್ಟರ ಹತ್ರ ತೋರಿಸೋಣ ಅಂತಿದ್ದೀವಿ ಮೇಡಂ ಎಂದಳು. ತೋರಿಸಿ ಎಂದೆ.